ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ: ಕಡಲ ಬ್ಯಾಕ್ಟೀರಿಯಾಗಳ ಜೀನೋಮ್ ಓದಿದ ಕಥೆ

ವೈದ್ಯರಾದ ನಾವು ದಿನವೂ ಬರೆದುಕೊಡುವ ಪ್ರತಿಜೀವಕಗಳ, ಅಂದರೆ ಆ್ಯಂಟಿಬಯಾಟಿಕ್‌ಗಳ, ಹುಟ್ಟೂರನ್ನು ಹುಡುಕುತ್ತ ಹೊರಟರೆ ಬಹುಮಟ್ಟಿಗೆ ಎಲ್ಲಿಯದೋ ಒಂದು ಹಿಡಿ ಮಣ್ಣಿಗೆ ಹೋಗಿ ಮುಟ್ಟುತ್ತೇವೆ. ಸ್ಟ್ರೆಪ್ಟೋಮೈಸಿನ್, ಟೆಟ್ರಾಸೈಕ್ಲಿನ್, ಎರಿಥ್ರೋಮೈಸಿನ್, ವ್ಯಾಂಕೋಮೈಸಿನ್ ಇವೆಲ್ಲವೂ ಮಣ್ಣಿನ ಬ್ಯಾಕ್ಟೀರಿಯಾಗಳಿಂದ ದೊರೆತವು. ಭೂಮಿಯ ಮೇಲ್ಮೈಯ ಶೇಕಡ 70ಕ್ಕೂ ಹೆಚ್ಚು ಭಾಗ ಕಡಲು. ಆ ಕಡಲಿನ ಬ್ಯಾಕ್ಟೀರಿಯಾ ತಯಾರಿಸಿದ ಒಂದೇ ಒಂದು ಪ್ರತಿಜೀವಕವೂ ಇದುವರೆಗೆ ಔಷಧಿ ಅಂಗಡಿಯ ಕಪಾಟನ್ನು ಸೇರಿಲ್ಲ. ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ತಿಳಿಯದು. ಈ ಬಡತನ ಕಡಲಿನದೇ ಎಂದು ಬಹುಕಾಲ ನಂಬಲಾಗಿತ್ತು. ಬ್ಯಾಕ್ಟೀರಿಯಾಗಳ ಜೀನೋಮ್ ಅನ್ನು, ಎಂದರೆ ಅವುಗಳ ವಂಶವಾಹಿಗಳ ಇಡೀ ಬರಹವನ್ನು, ಓದಲು ಕಲಿತ ಮೇಲೆ ಆ ನಂಬಿಕೆ ಹೇಗೆ ತಲೆಕೆಳಗಾಯಿತೆಂಬುದನ್ನು ಇಲ್ಲಿ ಹೇಳಬೇಕೆಂದಿದ್ದೇವೆ.

ಸಮುದ್ರದ ನೀರಿಗೆ ರೋಗಾಣುಗಳನ್ನು ಕೊಲ್ಲುವ ಗುಣವಿದೆ ಎಂಬುದು 19ನೆಯ ಶತಮಾನದ ಕೊನೆಯ ಭಾಗದಲ್ಲಿಯೇ ಗೊತ್ತಾಗಿತ್ತು. ಅದಕ್ಕೆ ಉಪ್ಪೇ ಕಾರಣವೆಂದು ಹೇಳಿ ಕೈಬಿಡಬಹುದಿತ್ತು. ಆದರೆ ಅದೇ ನೀರನ್ನು ಕುದಿಸಿ ಆರಿಸಿದರೆ ಆ ಗುಣ ಬಹಳಷ್ಟು ಕುಗ್ಗುತ್ತದೆ. ಉಪ್ಪು ಕುದಿಸಿದರೆ ಹೋಗುವ ವಸ್ತುವಲ್ಲ. ನೀರಿನಲ್ಲಿರುವ ಜೀವಿಗಳೇ ಏನನ್ನೋ ತಯಾರಿಸುತ್ತಿರಬೇಕು ಎಂಬ ಅನುಮಾನ ಹೀಗೆ ಮೂಡಿತು. ಕ್ಯಾಲಿಫೋರ್ನಿಯಾದ ಲ ಹೋಯಾ ಊರಿನಲ್ಲಿರುವ ಸ್ಕ್ರಿಪ್ಸ್ ಸಾಗರವಿಜ್ಞಾನ ಸಂಸ್ಥೆಯ ಕ್ಲಾಡ್ ಜೋಬೆಲ್ ಮತ್ತು ಅವರ ಸಹೋದ್ಯೋಗಿ ರೋಸೆನ್‌ಫೆಲ್ಡ್ ಇಬ್ಬರೂ 1947ರಲ್ಲಿ ಕಡಲ ಸೂಕ್ಷ್ಮಜೀವಿಗಳು ಪ್ರತಿಜೀವಕಗಳನ್ನು ತಯಾರಿಸುತ್ತವೆಂದು ಪ್ರಯೋಗದಿಂದ ತೋರಿಸಿ ಪ್ರಬಂಧ ಪ್ರಕಟಿಸಿದರು. ಕಡಲ ಬ್ಯಾಕ್ಟೀರಿಯಾ ಬೆಳೆಸಲು ಜೋಬೆಲ್ ರೂಪಿಸಿದ ಆಹಾರ ಮಾಧ್ಯಮವು 2216 ಎಂಬ ಸಂಖ್ಯೆಯಿಂದಲೇ ಇಂದಿಗೂ ಪ್ರಯೋಗಾಲಯಗಳಲ್ಲಿ ಮಾರಾಟವಾಗುತ್ತಿದೆ.

ಪ್ರಬಂಧ ಬಂದ ಕಾಲವೇ ಅದಕ್ಕೆ ಪ್ರತಿಕೂಲವಾಯಿತು. 1943ರಲ್ಲಿ ಸೆಲ್ಮನ್ ವಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ ಆಲ್ಬರ್ಟ್ ಶಾಟ್ಜ್ ಸ್ಟ್ರೆಪ್ಟೋಮೈಸಿನ್ ಕಂಡುಹಿಡಿದಿದ್ದರು. ಕ್ಷಯರೋಗಕ್ಕೆ ಮೊದಲ ಬಾರಿಗೆ ಮದ್ದು ದೊರೆತಿತ್ತು. ಔಷಧ ಕಂಪನಿಗಳೆಲ್ಲ ಮಣ್ಣಿನ ಪೊಟ್ಟಣಗಳನ್ನು ಲೋಕದ ಮೂಲೆಮೂಲೆಯಿಂದ ತರಿಸಿಕೊಳ್ಳುತ್ತಿದ್ದವು. ಅಂಗಳದಲ್ಲೇ ನಿಧಿ ಸಿಗುತ್ತಿರುವಾಗ ಕಡಲಿಗಿಳಿಯುವವರು ಯಾರು? ಇದೇ ವಾಕ್ಸ್‌ಮನ್ 1931ರಿಂದ ವುಡ್ಸ್ ಹೋಲ್ ಸಾಗರವಿಜ್ಞಾನ ಸಂಸ್ಥೆಯಲ್ಲಿ ಕಡಲ ಬ್ಯಾಕ್ಟೀರಿಯಾಗಳ ಅಧ್ಯಯನ ವಿಭಾಗವನ್ನು ಕಟ್ಟಿದವರೂ ಹೌದು ಎಂಬುದನ್ನು ನೆನೆದರೆ ಸೋಜಿಗವೆನಿಸುತ್ತದೆ. ಅವರಿಗೆ ನೊಬೆಲ್ ಪ್ರಶಸ್ತಿ ತಂದುಕೊಟ್ಟದ್ದು ಮಾತ್ರ ಮಣ್ಣು.

ಓದುಗರಲ್ಲಿ ಕೆಲವರು ಸೆಫಲೋಸ್ಪೊರಿನ್ ಕಡಲಿನದಲ್ಲವೇ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಇಟಲಿಯ ಸಾರ್ಡೀನಿಯಾ ದ್ವೀಪದ ಕಾಲ್ಯಾರಿ ನಗರದಲ್ಲಿ ಜುಸೆಪ್ಪೆ ಬ್ರೋತ್ಸು ಎಂಬ ವೈದ್ಯರು, ಚರಂಡಿಯ ನೀರು ಕಡಲಿಗೆ ಸೇರುವ ಜಾಗದಿಂದ ಒಂದು ಸೂಕ್ಷ್ಮಜೀವಿಯನ್ನು ಹೆಕ್ಕಿ ತಂದು, ಅದರ ಗುಣವನ್ನು ಕುರಿತು 1948ರಲ್ಲಿ ಬರೆದರು. ನಾವು ಇಂದು ಧಾರಾಳವಾಗಿ ಬಳಸುವ ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್‌ಗಳ ವಂಶವೃಕ್ಷದ ಬೇರು ಆ ಚರಂಡಿಯ ಬಾಯಲ್ಲಿದೆ. ಆದರೆ ಅದು ಬ್ಯಾಕ್ಟೀರಿಯಾ ಅಲ್ಲ, ಬೂಷ್ಟು; ಪೆನಿಸಿಲಿನ್ ತಯಾರಿಸುವ ಬೂಷ್ಟಿನ ದೂರದ ಬಂಧು. ಆದ್ದರಿಂದ ನಮ್ಮ ಲೆಕ್ಕ ಹಾಗೆಯೇ ಉಳಿಯುತ್ತದೆ.

ಕಡಲ ಬ್ಯಾಕ್ಟೀರಿಯಾದ ಪ್ರತಿಜೀವಕವೊಂದರ ರಚನೆ ಮೊದಲು ಸ್ಪಷ್ಟವಾದದ್ದು 1966ರಲ್ಲಿ. ಅದರ ಹಿಂದಿದ್ದ ಪಾಲ್ ಬರ್ಕ್‌ಹೋಲ್ಡರ್ ಅವರನ್ನು ನಮ್ಮ ಹಿರಿಯರು ಹೆಸರಿನಿಂದ ಅರಿಯದಿದ್ದರೂ ಅವರ ಕೆಲಸದ ಫಲವನ್ನು ಉಂಡವರೇ. 1940ರ ದಶಕದಲ್ಲಿ ಯೇಲ್ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿಯಾಗಿದ್ದ ಅವರು ವೆನೆಜುವೆಲಾದ ಕರಾಕಸ್ ಬಳಿಯ ಹೊಲದ ಮಣ್ಣಿನಿಂದ ಹೆಕ್ಕಿದ ಬ್ಯಾಕ್ಟೀರಿಯಾದಿಂದ ಕ್ಲೋರಾಂಫೆನಿಕಾಲ್ ಬಂತು. ವಿಷಮಶೀತ ಜ್ವರವೆಂದರೆ ಮೂರು ನಾಲ್ಕು ವಾರ ಗಂಜಿಯ ಮೇಲೆ ಮಲಗಿ, ಬದುಕುವುದೋ ಬಿಡುವುದೋ ಎಂದು ಕಾಯುತ್ತಿದ್ದ ನಮ್ಮ ಊರುಗಳಲ್ಲಿ ಕ್ಲೋರೋಮೈಸಿಟಿನ್ ಎಂಬ ಹೆಸರಿನ ಆ ಮದ್ದು ಎರಡು ಮೂರು ದಶಕಗಳ ಕಾಲ ಮನೆಮಾತಾಗಿತ್ತು. ಮೂಳೆಯ ಮಜ್ಜೆಗೆ ಅಪರೂಪವಾಗಿ ಅದು ಮಾಡುತ್ತಿದ್ದ ಹಾನಿಯನ್ನು ಬಲ್ಲ ವೈದ್ಯರೂ ಅನ್ಯಮಾರ್ಗವಿಲ್ಲದೆ ಅದನ್ನೇ ಬರೆಯುತ್ತಿದ್ದರು. 1972ರಲ್ಲಿ ಒಂದು ಕಡೆ ಮೆಕ್ಸಿಕೊದಲ್ಲಿಯೂ ಇನ್ನೊಂದು ಕಡೆ ನಮ್ಮ ನೆರೆಯ ಕೇರಳದ ಕಲ್ಲಿಕೋಟೆಯಲ್ಲಿಯೂ ಆ ಮದ್ದಿಗೆ ಬಗ್ಗದ ವಿಷಮಶೀತ ಜ್ವರ ಹಬ್ಬಿತು. ಕಲ್ಲಿಕೋಟೆಯ ವರದಿ ತೋರಿಸಿದ ಸಂಗತಿ ಭಯಂಕರವಾದದ್ದು: ಈ ಪ್ರತಿರೋಧಶಕ್ತಿಯನ್ನು ಒಂದು ಬ್ಯಾಕ್ಟೀರಿಯಾ ಇನ್ನೊಂದಕ್ಕೆ ಕೈಬದಲು ಮಾಡಬಲ್ಲುದು.

ಬರ್ಕ್‌ಹೋಲ್ಡರ್ ಆ ಹೊತ್ತಿಗಾಗಲೇ ಮಣ್ಣನ್ನು ಬಿಟ್ಟು ಕಡಲಿಗೆ ತಿರುಗಿದ್ದರು. ಪೋರ್ಟೊ ರಿಕೊ ದ್ವೀಪದ ಬಳಿ, ಕಡಲೊಳಗೆ ಬೆಳೆಯುವ ಹುಲ್ಲಿನ ಎಲೆಯ ಮೇಲಿಂದ ಅವರ ತಂಡ ಹೆಕ್ಕಿದ ಬ್ಯಾಕ್ಟೀರಿಯಾ ತಯಾರಿಸುವ ವಸ್ತುವಿಗೆ ಪೆಂಟಾಬ್ರೋಮೋಸ್ಯೂಡಿಲಿನ್ ಎಂದು ಹೆಸರು. ನಾಲಗೆ ಹೊರಳದ ಈ ಹೆಸರಿನಲ್ಲಿಯೇ ಅದರ ಗುಟ್ಟಿದೆ: ಅಣುವೊಂದರಲ್ಲಿ ಐದು ಬ್ರೋಮಿನ್ ಪರಮಾಣುಗಳು, ತೂಕದಲ್ಲಿ ಶೇಕಡ 70ಕ್ಕಿಂತ ಹೆಚ್ಚು ಬ್ರೋಮಿನ್. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 65 ಮಿಲಿಗ್ರಾಂ ಬ್ರೋಮೈಡ್ ಇರುತ್ತದೆ. ಹೊಲದ ಬ್ಯಾಕ್ಟೀರಿಯಾಗೆ ಎಟುಕದ ಈ ಸಾಮಗ್ರಿಯನ್ನು ಕಡಲ ಬ್ಯಾಕ್ಟೀರಿಯಾ ತನ್ನ ಅಡುಗೆಗೆ ಬಳಸಿಕೊಂಡಿತ್ತು. ಮದ್ದಾಗಿ ಇದು ಬಳಕೆಗೆ ಬರಲಿಲ್ಲ. ಆದರೂ ಕಡಲಿನ ಅಡುಗೆಮನೆ ಬೇರೆ, ಅಲ್ಲಿನ ಮಸಾಲೆ ಬೇರೆ ಎಂಬುದಕ್ಕೆ ಇಷ್ಟು ಸಾಕ್ಷಿ ಸಾಕಾಗಿತ್ತು.

ಸಾಕಾಗಲಿಲ್ಲ. ಮಣ್ಣಿನ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನ ಪ್ರತಿಜೀವಕಗಳನ್ನು ಕೊಡುವುದು ಆ್ಯಕ್ಟಿನೋಮೈಸೀಟ್ ಎಂಬ ಕುಲ. ಮೊದಲ ಮಳೆ ಬಿದ್ದಾಗ ಮೂಗಿಗೆ ಹಿತವಾಗುವ ಮಣ್ಣಿನ ವಾಸನೆ ಬಹುಮಟ್ಟಿಗೆ ಈ ಕುಲದ್ದೇ. ಕಡಲಿನ ಕೆಸರಿನಲ್ಲಿಯೂ ಇವು ಸಿಗುತ್ತಿದ್ದವು. ಆದರೆ ಇವು ನದಿಗಳ ಜೊತೆ ಕೊಚ್ಚಿಬಂದ ನೆಲದ ಬೀಜಾಣುಗಳು, ಕಡಲಿನಲ್ಲಿ ಸುಮ್ಮನೆ ಬಿದ್ದಿರುವ ಅತಿಥಿಗಳು ಎಂಬುದು ಪಂಡಿತರ ಸಾಮಾನ್ಯ ಅಭಿಪ್ರಾಯವಾಗಿತ್ತು. 1970, 80ರ ದಶಕಗಳಲ್ಲಿ ಮಣ್ಣಿನಿಂದಲೂ ಹಳೆಯ ವಸ್ತುಗಳೇ ಮತ್ತೆ ಮತ್ತೆ ಸಿಗತೊಡಗಿ ಕಂಪನಿಗಳು ಬೇಸತ್ತವು.

1989ರಲ್ಲಿ ಸ್ಕ್ರಿಪ್ಸ್ ಸಂಸ್ಥೆಯ ಪಾಲ್ ಜೆನ್ಸನ್ ಮತ್ತು ವಿಲಿಯಂ ಫೆನಿಕಲ್ ಬಹಾಮಾಸ್ ದ್ವೀಪಗಳ ಸುತ್ತಲಿನ ಕಡಲ ತಳದಿಂದ ಕೆಸರು ತಂದು, ಸಮುದ್ರದ ನೀರಿನಲ್ಲಿಯೇ ಮಾಡಿದ ಮಾಧ್ಯಮದಲ್ಲಿ ಬೆಳೆಸಿದರು. ಕಿತ್ತಳೆ ಬಣ್ಣದ ಒಂದು ಆ್ಯಕ್ಟಿನೋಮೈಸೀಟ್ ಬೆಳೆಯಿತು. ಅದನ್ನು ಸಿಹಿನೀರಿನ ಮಾಧ್ಯಮಕ್ಕೆ ಹಾಕಿದರೆ ಬೆಳೆಯಲೊಲ್ಲದು. ಅತಿಥಿಯಾಗಿದ್ದರೆ ತವರಿನ ನೀರು ಒಗ್ಗದೆ ಹೋಗುವುದುಂಟೆ? ಇದು ಕಡಲಿನ ಸ್ವಂತ ಮಗು. 2005ರಲ್ಲಿ ಅದಕ್ಕೆ ಸ್ಯಾಲಿನಿಸ್ಪೊರಾ ಎಂಬ ಕುಲನಾಮ ವಿಧಿವತ್ತಾಗಿ ದೊರೆಯಿತು. ಅದಕ್ಕೂ ಮೊದಲೇ, 2003ರಲ್ಲಿ, ಅದರಿಂದ ಸ್ಯಾಲಿನೋಸ್ಪೊರಮೈಡ್ ಎ ಎಂಬ ವಸ್ತು ಸಿಕ್ಕಿತ್ತು. ಅದು ಪ್ರತಿಜೀವಕವಲ್ಲ, ಕ್ಯಾನ್ಸರ್ ಕೋಶಗಳಿಗೆ ಮಾರಕವಾದದ್ದು. ಮೆದುಳಿನ ಕ್ಯಾನ್ಸರ್ ರೋಗಿಗಳ ಮೇಲಿನ ಮೂರನೆಯ ಹಂತದ ಪರೀಕ್ಷೆಯವರೆಗೆ ಹೋಗಿ, ಆಯುಸ್ಸನ್ನು ಹೆಚ್ಚಿಸಲಾರದೆ ಅಲ್ಲಿಯೇ ನಿಂತಿತು.

ಇಷ್ಟರಲ್ಲಿ ಜೀನೋಮ್ ಓದುವ ವಿದ್ಯೆ ಬಂದಿತ್ತು. 1995ರಲ್ಲಿ ಮೊದಲ ಬಾರಿಗೆ ಒಂದು ಬ್ಯಾಕ್ಟೀರಿಯಾದ ಜೀನೋಮ್ ಅನ್ನು ಪೂರ್ತಿಯಾಗಿ ಓದಲಾಯಿತು; ಅದರಲ್ಲಿ ಸುಮಾರು 18 ಲಕ್ಷ ಅಕ್ಷರಗಳಿದ್ದವು. 2002ರಲ್ಲಿ ಇಂಗ್ಲೆಂಡಿನ ನಾರಿಚ್ ನಗರದ ಡೇವಿಡ್ ಹಾಪ್‌ವುಡ್ ಮತ್ತು ಸಂಗಡಿಗರು ಮಣ್ಣಿನ ಸ್ಟ್ರೆಪ್ಟೊಮೈಸಿಸ್ ಸೀಲಿಕಲರ್ ಎಂಬ ಬ್ಯಾಕ್ಟೀರಿಯಾದ ಜೀನೋಮ್ ಪ್ರಕಟಿಸಿದರು: 86 ಲಕ್ಷಕ್ಕೂ ಹೆಚ್ಚು ಅಕ್ಷರ, 7,825 ಜೀನ್‌ಗಳು. ಹಾಪ್‌ವುಡ್ ಈ ಜೀವಿಯ ಮೇಲೆ 1950ರ ದಶಕದಿಂದ ಕೆಲಸ ಮಾಡುತ್ತಿದ್ದವರು. ಅದು ತಯಾರಿಸುವ ಪ್ರತಿಜೀವಕಗಳನ್ನು ಒಂದು ಕೈಯ ಬೆರಳುಗಳಲ್ಲಿ ಎಣಿಸಬಹುದೆಂದು ಲೋಕ ತಿಳಿದಿತ್ತು. ಜೀನೋಮ್ ತೆರೆದು ನೋಡಿದರೆ ಇಂಥ ವಸ್ತುಗಳನ್ನು ತಯಾರಿಸಬಲ್ಲ ಜೀನ್‌ಗಳ ಗೊಂಚಲುಗಳು 20ಕ್ಕೂ ಹೆಚ್ಚು! ಅರ್ಧ ಶತಮಾನ ಕಣ್ಣೆದುರಿಗಿದ್ದ ಜೀವಿ ತನ್ನ ವಿದ್ಯೆಯ ಬಹುಭಾಗವನ್ನು ಯಾರಿಗೂ ತೋರಿಸಿರಲಿಲ್ಲ.

ಗೊಂಚಲು ಎಂಬ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಈ ವಿದ್ಯೆಯೆಲ್ಲ ನಿಂತಿರುವುದು ಅದರ ಮೇಲೆ. ಮನುಷ್ಯನ ದೇಹದಲ್ಲಿ ಒಂದು ಕೆಲಸಕ್ಕೆ ಬೇಕಾದ ಜೀನ್‌ಗಳು ಸಾಮಾನ್ಯವಾಗಿ ಬೇರೆ ಬೇರೆ ವರ್ಣತಂತುಗಳಲ್ಲಿ ಚದುರಿರುತ್ತವೆ. ಬ್ಯಾಕ್ಟೀರಿಯಾ ಹಾಗಲ್ಲ. ಒಂದು ಪ್ರತಿಜೀವಕ ತಯಾರಿಸಲು ಬೇಕಾದ ಜೀನ್‌ಗಳನ್ನು ಅದು ಒಂದರ ಪಕ್ಕ ಒಂದಾಗಿ ಜೋಡಿಸಿ ಇಟ್ಟಿರುತ್ತದೆ: ಸಾಮಗ್ರಿ ಹೊಂದಿಸುವವು, ಕೂಡಿಸುವವು, ಒಗ್ಗರಣೆ ಹಾಕುವವು, ಹೊರಗೆ ಸಾಗಿಸುವವು, ಜೊತೆಗೆ ತಾನು ಮಾಡಿದ ವಿಷಕ್ಕೆ ತಾನೇ ಬಲಿಯಾಗದಂತೆ ಕಾಯುವ ಪ್ರತಿವಿಷದ ಜೀನ್ ಕೂಡ. ಒಂದನ್ನು ಗುರುತಿಸಿದರೆ ನೆರೆಹೊರೆಯವರೆಲ್ಲ ಕೈಗೆ ಸಿಗುತ್ತಾರೆ.

2007ರಲ್ಲಿ ಬ್ರ್ಯಾಡ್ಲಿ ಮೂರ್, ಜೆನ್ಸನ್ ಮೊದಲಾದವರು ಸ್ಯಾಲಿನಿಸ್ಪೊರಾ ಟ್ರಾಪಿಕಾದ ಜೀನೋಮ್ ಪ್ರಕಟಿಸಿದರು. ಸುಮಾರು 52 ಲಕ್ಷ ಅಕ್ಷರಗಳ ಆ ವೃತ್ತಾಕಾರದ ಬರಹದಲ್ಲಿ 17 ಗೊಂಚಲುಗಳಿದ್ದವು; ಜೀನೋಮಿನ ಶೇಕಡ 9.9ರಷ್ಟು ಭಾಗ ಈ ಕೆಲಸಕ್ಕೇ ಮೀಸಲು. ಸೀಲಿಕಲರ್‌ಗಿಂತ ಜೀನೋಮ್ ಚಿಕ್ಕದು, ಮೀಸಲಿನ ಪಾಲು ಮಾತ್ರ ದೊಡ್ಡದು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಗ್ರಂಥಲಿಪಿಯ ತಾಳೆಗರಿಯೊಂದನ್ನು ಬಿಚ್ಚಿದ ಆರ್. ಶಾಮಶಾಸ್ತ್ರಿಗಳಿಗೆ 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರ ಸಿಕ್ಕಿದ್ದು ನಮಗೆ ಇಲ್ಲಿ ನೆನಪಾಗುತ್ತದೆ. ಒಂದು ವ್ಯತ್ಯಾಸವುಂಟು. ತಾಳೆಗರಿಯನ್ನು ಓದಿದರೆ ಗ್ರಂಥವೇ ಕೈಗೆ ಬರುತ್ತದೆ. ಜೀನೋಮ್ ಓದಿದರೆ ಸಿಗುವುದು ಅಡುಗೆಯ ವಿಧಾನ. ಅಡುಗೆಯಾಗಬೇಕಾದರೆ ಇನ್ನೂ ಒಲೆ ಹೊತ್ತಿಸಬೇಕು.

ಈ ಓದಿನಲ್ಲಿ ಒಂದು ಚೆಲುವಾದ ಪ್ರಸಂಗ ನಡೆಯಿತು. ಒಂದು ಗೊಂಚಲಿನಲ್ಲಿ ಒಂದೇ ಬಗೆಯ ಸಾಲುಗಳು ಪುನರಾವರ್ತನೆಯಾಗಿದ್ದುದರಿಂದ ಜೀನೋಮಿನ ತುಂಡುಗಳನ್ನು ಸರಿಯಾಗಿ ಹೊಂದಿಸುವುದು ಕಷ್ಟವಾಗಿತ್ತು. ಅತ್ತ ರಸಾಯನಜ್ಞರಿಗೆ ಅದೇ ಬ್ಯಾಕ್ಟೀರಿಯಾದ ಸ್ಯಾಲಿನಿಲ್ಯಾಕ್ಟಮ್ ಎಂಬ ವಸ್ತುವಿನ ರಚನೆ ಬಿಡಿಸಲು ತೊಡಕಾಗಿತ್ತು. ಗೊಂಚಲನ್ನು ನೋಡಿ ರಸಾಯನಜ್ಞರು ಅಣುವನ್ನು ಬಿಡಿಸಿದರು. ಅಣುವನ್ನು ನೋಡಿ ಜೀನೋಮಿನವರು ತುಂಡುಗಳನ್ನು ಹೊಂದಿಸಿದರು. ಸಿಹಿನೀರು ಒಗ್ಗದಿರುವ ಪ್ರಶ್ನೆಗೂ ಜೀನೋಮಿನಲ್ಲಿ ಉತ್ತರದ ಎಳೆ ಸಿಕ್ಕಿತು. ಹೊರಗಿನ ಉಪ್ಪು ಥಟ್ಟನೆ ಕಡಿಮೆಯಾದಾಗ ಕೋಶದೊಳಗೆ ನೀರು ನುಗ್ಗಿ ಒತ್ತಡ ಏರುತ್ತದೆ. ಆಗ ಕುಕ್ಕರಿನ ಸೇಫ್ಟಿ ವಾಲ್ವಿನಂತೆ ತೆರೆದುಕೊಳ್ಳುವ ಒಂದು ದ್ವಾರ ಬ್ಯಾಕ್ಟೀರಿಯಾಗಳಲ್ಲಿ ಇರುತ್ತದೆ. ಸ್ಯಾಲಿನಿಸ್ಪೊರಾ ಟ್ರಾಪಿಕಾದಲ್ಲಿ ಆ ದ್ವಾರದ ಜೀನೇ ಇಲ್ಲ. ಮೈಕ್ರೊಮೊನೊಸ್ಪೊರಾ ಎಂಬ ಬ್ಯಾಕ್ಟೀರಿಯಾದ ಜೀನನ್ನು ಅದಕ್ಕೆ ಕೊಟ್ಟಾಗ ಉಪ್ಪು ಕಡಿಮೆಯಾದರೂ ಅದು ಬದುಕಿಕೊಂಡಿತೆಂದು 2012ರಲ್ಲಿ ವರದಿಯಾಯಿತು. ಎಂದೂ ಸಿಹಿನೀರು ಕಾಣದ ಮನೆಯಲ್ಲಿ ಆ ವಾಲ್ವು ಕಳೆದುಹೋದರೂ ಯಾರಿಗೂ ಗೊತ್ತಾಗಿರಲಿಲ್ಲ.

ಇದರ ಸೋದರ ಜಾತಿ ಸ್ಯಾಲಿನಿಸ್ಪೊರಾ ಅರೆನಿಕೋಲಾದಲ್ಲಿ ಕಂಡದ್ದು ನಮ್ಮಂಥವರಿಗೆ ಇನ್ನೂ ಹತ್ತಿರದ ಸಂಗತಿ. ಅದು ರಿಫಾಮೈಸಿನ್ ತಯಾರಿಸುತ್ತದೆ. ಕ್ಷಯರೋಗಿಗಳ ಮೂತ್ರವನ್ನು ಕೆಂಪಾಗಿಸುವ ರಿಫಾಂಪಿಸಿನ್ ಇದೇ ಬಳಗದ್ದು. ನೆಲದ ಮೇಲೆ ಅದರ ಮೂಲ ಸಿಕ್ಕಿದ್ದು 1957ರಲ್ಲಿ ಫ್ರಾನ್ಸಿನ ದಕ್ಷಿಣ ಕರಾವಳಿಯ ಮಣ್ಣಿನಲ್ಲಿ. ಅದೇ ಅಡುಗೆ ಕಡಲಿನ ತಳದಲ್ಲಿಯೂ ನಡೆಯುತ್ತಿತ್ತು. 2014ರಲ್ಲಿ 75 ಸ್ಯಾಲಿನಿಸ್ಪೊರಾ ತಳಿಗಳ ಜೀನೋಮ್‌ಗಳನ್ನು ಒಟ್ಟಿಗೆ ಹೋಲಿಸಿ ನೋಡಿದಾಗ 124 ಬಗೆಯ ತಯಾರಿಕಾ ಮಾರ್ಗಗಳು ಕಂಡವು. ಅರ್ಧಕ್ಕಿಂತ ಹೆಚ್ಚಿನವು ಕೇವಲ ಒಂದೆರಡು ತಳಿಗಳಲ್ಲಿ ಮಾತ್ರ ಇದ್ದವು. ಒಂದು ತಳಿಯನ್ನು ನೋಡಿ ಇಡೀ ಜಾತಿಯನ್ನು ಬಲ್ಲೆವೆನ್ನುವುದು ಸಲ್ಲದೆಂದು ಇದರಿಂದ ತಿಳಿಯಿತು.

ಗೊಂಚಲುಗಳು ಇಷ್ಟೊಂದು ಸಿಕ್ಕಿದ ಮೇಲೆ ಯಾವುದನ್ನು ಮೊದಲು ಬಿಡಿಸಬೇಕು? ಇಲ್ಲಿ ಪ್ರತಿವಿಷದ ಜೀನ್ ದಾರಿ ತೋರಿತು. ಪ್ರತಿ ಬ್ಯಾಕ್ಟೀರಿಯಾಗೂ ಜೀವನಾವಶ್ಯಕವಾದ ಕೆಲವು ಜೀನ್‌ಗಳಿವೆ. ಪ್ರತಿಜೀವಕಗಳು ಹೊಡೆಯುವುದು ಅವುಗಳ ಕೆಲಸವನ್ನೇ. ಅಂಥ ಜೀನಿನ ಎರಡನೆಯ ಪ್ರತಿ, ಸ್ವಲ್ಪ ತಿದ್ದಿದ ರೂಪದಲ್ಲಿ, ಒಂದು ಗೊಂಚಲಿನ ಮಗ್ಗುಲಲ್ಲಿ ಕುಳಿತಿದ್ದರೆ ಆ ಗೊಂಚಲು ಅದೇ ಗುರಿಯನ್ನು ಹೊಡೆಯುವ ಮದ್ದನ್ನು ತಯಾರಿಸುತ್ತಿರಬೇಕು. 86 ಸ್ಯಾಲಿನಿಸ್ಪೊರಾ ಜೀನೋಮ್‌ಗಳಲ್ಲಿ ಹೀಗೆ ಹುಡುಕಿದ ಮೂರ್ ಅವರ ತಂಡಕ್ಕೆ 2015ರಲ್ಲಿ ಥಯೋಲ್ಯಾಕ್ಟೋಮೈಸಿನ್ ಬಳಗದ ಪ್ರತಿಜೀವಕಗಳ ಗೊಂಚಲು ಸಿಕ್ಕಿತು. ಅದು ಬ್ಯಾಕ್ಟೀರಿಯಾಗಳ ಕೊಬ್ಬಿನ ತಯಾರಿಕೆಯನ್ನು ತಡೆಯುವ ಮದ್ದು. ನಮ್ಮ ಆಸ್ಪತ್ರೆಗಳಲ್ಲಿ ಮದ್ದುಗಳನ್ನು ವ್ಯರ್ಥಗೊಳಿಸುವ ಕೆಲವು ಪ್ರತಿರೋಧ ಜೀನ್‌ಗಳ ಪೂರ್ವಜರೂ ಇಂಥ ಪ್ರತಿವಿಷದ ಜೀನ್‌ಗಳೇ ಎಂಬುದನ್ನು ಇಲ್ಲಿ ಸೇರಿಸಿ ಹೇಳಬೇಕು. ಕಳ್ಳನ ಜಾಡನ್ನೇ ಹಿಡಿದು ನಿಧಿಗೆ ಹೋದಂತಾಯಿತು.

ಓದಿದ ಮೇಲೂ ಒಲೆ ಹೊತ್ತಿಸುವ ಕೆಲಸ ಇದೆಯೆಂದೆವಷ್ಟೆ. ಅದು ಹೇಗಿರುತ್ತದೆಂಬುದಕ್ಕೆ ಟಾರೋಮೈಸಿನ್ ಒಳ್ಳೆಯ ನಿದರ್ಶನ. ಸ್ಕ್ರಿಪ್ಸ್ ಸಂಸ್ಥೆಯ ಎದುರಿಗೇ, ಲ ಹೋಯಾ ಕಡಲಿನೊಳಗೆ ಒಂದು ಆಳವಾದ ಕಂದರವಿದೆ. ಅಲ್ಲಿನ ಕೆಸರಿನಿಂದ ತಂದ ಸ್ಯಾಕರೋಮೊನೋಸ್ಪೊರಾ ಎಂಬ ಬ್ಯಾಕ್ಟೀರಿಯಾದ ಜೀನೋಮಿನಲ್ಲಿ ಡ್ಯಾಪ್ಟೋಮೈಸಿನ್ ಗೊಂಚಲನ್ನು ಹೋಲುವ ಗೊಂಚಲೊಂದು ಕಂಡಿತು. ಡ್ಯಾಪ್ಟೋಮೈಸಿನ್ ಎಂದರೆ ಬೇರೆ ಮದ್ದುಗಳಿಗೆ ಬಗ್ಗದ ಸ್ಟ್ಯಾಫಿಲೋಕಾಕಸ್ ರಕ್ತಕ್ಕೆ ಸೇರಿದಾಗ ವೈದ್ಯರು ಕೈಗೆತ್ತಿಕೊಳ್ಳುವ ಮದ್ದು. ತುರ್ಕಿಯ ಅರರಾತ್ ಪರ್ವತದ ಮಣ್ಣಿನಿಂದ ಬಂದು 2003ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದದ್ದು. ಪರ್ವತ ಹತ್ತಿ ತಂದ ಮದ್ದಿನ ತಮ್ಮ ಸಂಸ್ಥೆಯ ಬಾಗಿಲಲ್ಲೇ ಇದ್ದ. ಹಿತ್ತಲ ಗಿಡ ಮದ್ದಲ್ಲ ಎಂದು ನಮ್ಮವರು ಸುಮ್ಮನೆ ಹೇಳಲಿಲ್ಲ.

ಆದರೆ ಆ ಬ್ಯಾಕ್ಟೀರಿಯಾ ಪ್ರಯೋಗಾಲಯದಲ್ಲಿ ಆ ಗೊಂಚಲನ್ನು ಬಳಸುತ್ತಲೇ ಇರಲಿಲ್ಲ. ವಿಜ್ಞಾನಿಗಳು ಸುಮಾರು 67,000 ಅಕ್ಷರಗಳ ಆ ಗೊಂಚಲನ್ನು ಇಡಿಯಾಗಿ ಎತ್ತಿಕೊಂಡರು. ತುಂಡುಗಳನ್ನು ಜೋಡಿಸುವುದರಲ್ಲಿ ಹುಟ್ಟುಚತುರವಾದ ಯೀಸ್ಟ್, ಅದೇ ಬ್ರೆಡ್ಡಿನ ಹಿಟ್ಟು ಹುದುಗಿಸುವ ಯೀಸ್ಟ್, ಈ ಕೆಲಸಕ್ಕೆ ನೆರವಾಯಿತು. ಅನಂತರ ಗೊಂಚಲನ್ನು ಮಣ್ಣಿನ ಸೀಲಿಕಲರ್‌ಗೆ ಸೇರಿಸಿದರು. ಆಗಲೂ ಅಡುಗೆ ನಡೆಯಲಿಲ್ಲ. ಗೊಂಚಲಿನಲ್ಲಿಯೇ ಒಂದು ಜೀನ್ ಇಡೀ ಕೆಲಸವನ್ನು ತಡೆಹಿಡಿದಿತ್ತು. ಅದನ್ನು ತೆಗೆದುಹಾಕಿದ ಮೇಲೆ ಎರಡು ಕ್ಲೋರಿನ್ ಪರಮಾಣುಗಳಿರುವ ಟಾರೋಮೈಸಿನ್ ಹೊರಬಂತು. ಇದು 2014ರ ಮಾತು. ಅದೇ ವರ್ಷ ಬರ್ಕ್‌ಹೋಲ್ಡರ್ ಅವರ ಬ್ರೋಮಿನ್ ಪ್ರತಿಜೀವಕದ ಜೀನ್ ಗೊಂಚಲನ್ನೂ ಸ್ಕ್ರಿಪ್ಸ್‌ನವರು ಗುರುತಿಸಿದರು. ಅಣು ಸಿಕ್ಕಿ 48 ವರ್ಷಗಳಾದ ಮೇಲೆ ಅದರ ಪಾಕವಿಧಾನ ಸಿಕ್ಕಿತು.

ಇಷ್ಟೆಲ್ಲ ಆಗಿಯೂ ಕಪಾಟು ಖಾಲಿಯೇಕೆ? ವಿಜ್ಞಾನದಷ್ಟೇ ವ್ಯಾಪಾರವೂ ಇದಕ್ಕೆ ಕಾರಣ ಎಂಬುದು ನಮ್ಮ ಅಭಿಪ್ರಾಯ. ರಕ್ತದೊತ್ತಡದ ಮಾತ್ರೆಯನ್ನು ರೋಗಿ ಜೀವಮಾನವಿಡೀ ನುಂಗುತ್ತಾನೆ. ಪ್ರತಿಜೀವಕವನ್ನು ಒಂದು ವಾರ. ಹೊಸ ಪ್ರತಿಜೀವಕ ಬಂದರೆ ಅದನ್ನು ಆದಷ್ಟು ಬಳಸದೆ ಕೊನೆಯ ಅಸ್ತ್ರವಾಗಿ ಇಟ್ಟುಕೊಳ್ಳಿ ಎಂದು ನಾವು ವೈದ್ಯರೇ ಹೇಳುತ್ತೇವೆ, ಹೇಳಲೇಬೇಕು. ಅಕೇಯೋಜೆನ್ ಎಂಬ ಅಮೆರಿಕದ ಕಂಪನಿ 2018ರಲ್ಲಿ ಪ್ಲಾಜೋಮೈಸಿನ್ ಎಂಬ ಹೊಸ ಪ್ರತಿಜೀವಕಕ್ಕೆ ಅನುಮತಿ ಪಡೆದು 2019ರಲ್ಲಿ ದಿವಾಳಿ ಎದ್ದಿತು. ಅದೇ 2019ರಲ್ಲಿ ಪ್ರತಿರೋಧ ಪಡೆದ ಬ್ಯಾಕ್ಟೀರಿಯಾಗಳೇ ನೇರ ಕಾರಣವಾಗಿ ಜಗತ್ತಿನಲ್ಲಿ ಸತ್ತವರು ಸುಮಾರು 12.7 ಲಕ್ಷ ಮಂದಿ ಎಂದು ಲ್ಯಾನ್ಸೆಟ್ ಪತ್ರಿಕೆ ಅಂದಾಜು ಪ್ರಕಟಿಸಿತು. ಊರಿಗೆ ಹೋಗಿ ಬರುವಾಗ ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿ, ಚಟ್ನಿಪುಡಿಗಳ ನಡುವೆ ಅಜಿಥ್ರೋಮೈಸಿನ್‌ನ ಎರಡು ಸ್ಟ್ರಿಪ್ ಇರಲಿ ಎಂದು ಹಾಕಿಕೊಂಡು ಬರುವ ಪದ್ಧತಿ ನಮ್ಮ ಸದಸ್ಯ ಕುಟುಂಬಗಳಲ್ಲಿಯೂ ಇಲ್ಲದಿಲ್ಲ. ನೆಗಡಿಗೆಲ್ಲ ಅದನ್ನು ನುಂಗಿದಾಗ ಖರ್ಚಾಗುವುದು ನಮ್ಮ ಎರಡು ಮಾತ್ರೆಗಳಷ್ಟೇ ಅಲ್ಲ; ಆ ಮದ್ದಿನ ಆಯುಷ್ಯವೂ ಸ್ವಲ್ಪ ಸವೆಯುತ್ತದೆ. ಅದರ ಜಾಗಕ್ಕೆ ಬರಬೇಕಾದವುಗಳು ಎಷ್ಟು ನಿಧಾನವಾಗಿ ಬರುತ್ತಿವೆಯೆಂಬುದನ್ನು ಮೇಲಿನ ಇಸವಿಗಳೇ ಹೇಳುತ್ತವೆ.

ಓದುವ ಕೆಲಸವಂತೂ ಈಗ ಅಗ್ಗವಾಗಿದೆ. ಜೀನೋಮಿನಲ್ಲಿ ಗೊಂಚಲುಗಳನ್ನು ಗುರುತಿಸುವ ಆ್ಯಂಟಿಸ್ಮ್ಯಾಶ್ ಎಂಬ ತಂತ್ರಾಂಶವನ್ನು ಯುರೋಪಿನ ಸಂಶೋಧಕರು 2011ರಿಂದ ಉಚಿತವಾಗಿ ಒದಗಿಸುತ್ತಿದ್ದಾರೆ. ಸ್ಯಾಲಿನಿಸ್ಪೊರಾ ಟ್ರಾಪಿಕಾದ ಜೀನೋಮ್ ಕೂಡ ಸಾರ್ವಜನಿಕ ಸಂಗ್ರಹದಲ್ಲಿದೆ. ನಮ್ಮ ಮಕ್ಕಳಲ್ಲಿ ಜೀವವಿಜ್ಞಾನ ಓದುತ್ತಿರುವವರು ಮನೆಯ ಕಂಪ್ಯೂಟರಿನಿಂದಲೇ ಒಂದನ್ನು ಇನ್ನೊಂದಕ್ಕೆ ಉಣಿಸಿ, ಗೊಂಚಲುಗಳ ಪಟ್ಟಿಯನ್ನು ಪಡೆಯಬಹುದು. ಆ ಪಟ್ಟಿಯಲ್ಲಿ ಕೆಲವು ಗೊಂಚಲುಗಳ ಎದುರಿಗೆ ಯಾವ ಪರಿಚಿತ ವಸ್ತುವಿನ ಹೆಸರೂ ಕಾಣುವುದಿಲ್ಲ.